ಹನ್ನೆರಡನೆಯ ಏಡಿ

ಮಕ್ಕಳೇ, ಈ ವಾರ ಹೇಳುವುದು ನಾನೇ ಮಾಡಿದ ಒಂದು ತಪ್ಪಿನ ಕತೆ. ಪಕ್ಕದಲ್ಲಿ ಅಜ್ಜ-ಅಜ್ಜಿ ಕೂತಿದ್ದರೆ ಅವರಿಗೂ ಓದಿ ಹೇಳಿ. ತಪ್ಪು ಮಾಡಿದವನು ಅವರ ವಯಸ್ಸಿನವನೇ.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಐದನೆಯ ತರಗತಿ ಓದುತ್ತಾಳೆ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತೇವೆ. ಕಳೆದ ಕ್ರಿಸ್‌ಮಸ್ ರಜೆಗೆ ಕುಂದಾಪುರಕ್ಕೆ ಬಂದವಳು ಎರಡನೆಯ ದಿನವೇ ನನ್ನ ಮುಂದೆ ಬಂದು ನಿಂತಳು. "ಅಜ್ಜ, ದ್ವೀಪ ಅಂದ್ರೆ ನಾಲ್ಕೂ ಕಡೆ ನೀರಿರೋ ಭೂಮಿ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೀನಿ. ಆದ್ರೆ ಒಂದನ್ನೂ ನೋಡಿಲ್ಲ."

"ಒಂದೇನು, ಬೇಕಾದಷ್ಟು ತೋರಿಸ್ತೇನೆ ಬಾ" ಎಂದೆ.

ಇದು ಬಡಾಯಿಯಲ್ಲ. ನಮ್ಮ ಕುಂದಾಪುರಕ್ಕೆ ಮೂರು ಕಡೆ ನೀರು. ಘಟ್ಟದ ಕಡೆಯಿಂದ ಬರುವ ಸೌಪರ್ಣಿಕೆ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಇಲ್ಲಿ ಒಂದಾಗಿ, ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಅಳಿವೆ ಎಂದರೆ ನದಿ ಕಡಲಿಗೆ ಬೀಳುವ ಬಾಯಿ. ಐದೂ ಕೂಡಿದ ಈ ನೀರಿಗೆ ಪಂಚಗಂಗಾವಳಿ ಎಂದು ಹೆಸರು. ಮಳೆಗಾಲದಲ್ಲಿ ಮಣ್ಣು ಹೊತ್ತು ಓಡಿಬರುವ ಹೊಳೆ, ಕಡಲ ಹತ್ತಿರ ಬರುತ್ತಿದ್ದಂತೆ ಓಟ ನಿಧಾನ ಮಾಡುತ್ತದೆ. ಓಟ ನಿಧಾನವಾದಾಗ ಹೊತ್ತು ತಂದ ಮಣ್ಣನ್ನು ಕೆಳಗಿಡುತ್ತದೆ. ಹಾಗೆ ವರ್ಷ ವರ್ಷವೂ ಇಟ್ಟದ್ದು ಸೇರಿ ನೀರಿನ ನಡುವೆ ನೆಲ ಎದ್ದರೆ ಅದನ್ನು ನಾವು ಕುದ್ರು ಎನ್ನುತ್ತೇವೆ. ಉಪ್ಪಿನಕುದ್ರು ಎಂಬುದೊಂದು, ಕನ್ನಡಕುದ್ರು ಎಂಬುದೂ ಒಂದು. ಕೆಲವು ಕುದ್ರುಗಳಲ್ಲಿ ಮನೆ, ಗದ್ದೆ, ತೆಂಗಿನ ತೋಟಗಳಿವೆ. ಕೆಲವುಗಳಲ್ಲಿ ಬೆಳ್ಳಕ್ಕಿ ಮತ್ತು ಏಡಿಗಳದ್ದೇ ಸಂಸಾರ.

ದೋಣಿಗೆ ನನ್ನ ಗೆಳೆಯನಿದ್ದ. ಪ್ರಾಥಮಿಕ ಶಾಲೆಯಲ್ಲಿ ನಾವು ಮೂವರು ಒಂದೇ ಬೆಂಚಿನವರು. ಒಬ್ಬ ನಾನು. ಇನ್ನೊಬ್ಬ ಹದಿನಾರನೆಯ ವಯಸ್ಸಿಗೆ ಬೊಂಬಾಯಿ ಬಸ್ಸು ಹತ್ತಿ, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ತನ್ನದೇ ಹೋಟೆಲು ನಡೆಸಿ, ಈಗ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟು ಊರಿಗೆ ಮರಳಿದವನು. ಊರಲ್ಲಿ ಅವನ ಹೆಸರೇ ಬೊಂಬಾಯಿ. ಮೂರನೆಯವನು ಏಳನೆಯ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟ. ಅವನ ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ದೋಣಿ ಇತ್ತು, ನಡೆಸುವವರಿರಲಿಲ್ಲ.

ಲೆಕ್ಕದಲ್ಲಿ ನಮ್ಮಿಬ್ಬರಿಗಿಂತ ಮುಂದಿದ್ದವನು ಅವನೇ. ಮಾಸ್ಟ್ರು ಬಾಯಿಲೆಕ್ಕ ಹೇಳಿ ಮುಗಿಸುವ ಮೊದಲೇ ಉತ್ತರ ಅವನ ಹತ್ತಿರ ಸಿದ್ಧ ಇರುತ್ತಿತ್ತು. ಆದರೆ ಕೈ ಎತ್ತುತ್ತಿರಲಿಲ್ಲ. ಮೆಲ್ಲಗೆ ನಮ್ಮ ಕಿವಿಯಲ್ಲಿ ಹೇಳುತ್ತಿದ್ದ. ಕೈ ಎತ್ತಿ "ಭೇಷ್" ಅನ್ನಿಸಿಕೊಳ್ಳುತ್ತಿದ್ದವರು ನಾವು.

ನಾನು ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಯಾವ ತಿಥಿಗೆ ಬತ್ರಿ?" ರವಿವಾರವೋ ಸೋಮವಾರವೋ ಎಂದಲ್ಲ. ನಾನು ಪಂಚಾಂಗ ನೋಡಿ ಅಮಾವಾಸ್ಯೆಯ ಹಿಂದಿನ ದಿನ ಎಂದೆ. ಒಂದು ಕ್ಷಣ ಸುಮ್ಮನಿದ್ದು, "ಹಾಂಗಾರೆ ಹತ್ತ್ ಗಂಟಿಗೆ ನೀರ್ ತುಂಬತ್ತ್. ಏಳಕ್ಕೆ ಬನ್ನಿ" ಎಂದ. ಆಮೇಲೆ ಸೇರಿಸಿದ, "ಮಧ್ಯಾಹ್ನದ ಊಟ ಉಪ್ಪಿನಕುದ್ರಿನಲ್ಲಿ ತಂಗಿ ಮನೆಯಲ್ಲಿ. ಏಡಿ ನಾವೇ ಹಿಡಿದು ಕೊಡೋದು."

ಬೆಳಿಗ್ಗೆ ಹೊಳೆಯ ಮೇಲೆ ತೆಳ್ಳಗೆ ಮಂಜು. ದೋಣಿ ಸಣ್ಣದು, ಹಿಂದಕ್ಕೊಂದು ಪುಟ್ಟ ಎಂಜಿನ್, ಜೊತೆಗೆ ಹುಟ್ಟು ಮತ್ತು ಬಿದಿರಿನ ಗಳ. ಪುಟ್ಟಿಗೆ ಮೊದಲು ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿದ. ನಮಗೂ ಕೊಟ್ಟ. ಬೊಂಬಾಯಿ, "ಅರೇ, ನಾನು ಇದೇ ಹೊಳೆಯಲ್ಲಿ ಈಜಿದವನು ಮಾರಾಯ" ಎಂದು ಅದನ್ನು ಕೂರಲು ಮೆತ್ತೆ ಮಾಡಿಕೊಂಡ. ದೋಣಿಯ ಗೆಳೆಯ ಎಂಜಿನ್ನಿಗೆ ಕೈ ಹಾಕದೆ ಸುಮ್ಮನೆ ನಿಂತ. ಬೊಂಬಾಯಿ ಜಾಕೆಟ್ ತೊಟ್ಟ ಮೇಲೆಯೇ, "ಇನ್ನ್ ಹೋಪ" ಎಂದ.

ಪುಟ್ಟಿ ನನ್ನ ಕಿವಿಗೆ ಬಂದಳು. "ಅಜ್ಜ, ದೋಣಿ ಅಜ್ಜ ಯಾಕೆ ಇಂಗ್ಲಿಷಿನಲ್ಲಿ ಹೋಪ್ ಅಂದ್ರು?"

ಹೋಪ ಎಂದರೆ ಕುಂದಾಪುರ ಕನ್ನಡದಲ್ಲಿ ಹೋಗೋಣ ಎಂದು ಅರ್ಥ. ಆ ದಿನವಿಡೀ ಅವಳು ಆ ಮಾತನ್ನು ಬಿಡಲಿಲ್ಲ.

ದೋಣಿಯ ಮೂಲೆಯಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇತ್ತು. ಏನೆಂದು ಕೇಳಿದೆ. "ಬೆಲ್ಲ, ಒಂದು ಹಿಡಿ ಅವಲಕ್ಕಿ, ನೀರು" ಎಂದ. ಅವನ ಅಪ್ಪ ಅದಿಲ್ಲದೆ ದೋಣಿ ಬಿಡುತ್ತಿರಲಿಲ್ಲವಂತೆ. "ಹೊಳೆ ದಾಟುವುದಕ್ಕೆ ಇಷ್ಟು ಬುತ್ತಿಯೇ!" ಎಂದು ನಾನೂ ಬೊಂಬಾಯಿಯೂ ನಕ್ಕೆವು.

ಮೊದಲು ಇಳಿದದ್ದು ಹೆಸರಿಲ್ಲದ ಒಂದು ಪುಟ್ಟ ಕುದ್ರಿನಲ್ಲಿ. ಪುಟ್ಟಿ ಅಂಚಿನಲ್ಲಿ ಸುತ್ತು ಬಂದು, ಹೆಜ್ಜೆ ಎಣಿಸಿ, "ನಾಲ್ಕೂ ಕಡೆ ನೀರಿದೆ" ಎಂದು ಖಾತ್ರಿ ಮಾಡಿಕೊಂಡಳು. ಅಲ್ಲಿ ಕೂತು ಮನೆಯಿಂದ ತಂದ ಅವಲಕ್ಕಿ ಉಪ್ಪಿಟ್ಟು ಮುಗಿಸಿದೆವು. ಎರಡನೆಯ ಕುದ್ರಿನ ಅಂಚಿನ ತುಂಬ ಕಾಂಡ್ಲಾ ಕಾಡು. ಕಾಂಡ್ಲಾ ಉಪ್ಪುನೀರಿನಲ್ಲಿ ನಿಂತು ಬದುಕುವ ಗಿಡ. ಕೆಸರಿನೊಳಗೆ ಗಾಳಿ ಆಡುವುದಿಲ್ಲ, ಅದಕ್ಕೆ ಕೆಲವು ಜಾತಿಯವು ಬೇರನ್ನೇ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಇನ್ನು ಕೆಲವು ಜಾತಿಗಳಲ್ಲಿ ಬೀಜ ಮರದಲ್ಲಿರುವಾಗಲೇ ಮೊಳೆತು, ಹಸಿರು ಪೆನ್ಸಿಲಿನಂತೆ ತೂಗುತ್ತದೆ. ಕೆಳಗೆ ಬಿದ್ದರೆ ಕೆಸರಿನಲ್ಲಿ ನೆಟ್ಟಗೆ ಊರಿಕೊಳ್ಳಬಹುದು, ಇಲ್ಲವೇ ತೇಲಿ ಹೋಗಿ ಇನ್ನೊಂದು ಕುದ್ರಿನಲ್ಲಿ ಬೇರು ಬಿಡಬಹುದು. ಈ ಬೇರುಗಳ ಸಂದಿಯೇ ಏಡಿ, ಸಿಗಡಿ, ಮೀನುಗಳ ಮರಿಗಳಿಗೆ ತೊಟ್ಟಿಲು.

ಏಡಿ ಹಿಡಿಯಲು ನಮ್ಮಲ್ಲಿ ಆರು ಬಲೆ ಇದ್ದವು. ಕಬ್ಬಿಣದ ಬಳೆಗೆ ಬಲೆ ಬಿಗಿದು, ನಡುವೆ ಮೀನಿನ ತಲೆ ಕಟ್ಟಿರುತ್ತಾರೆ. ಬಳೆಗೆ ಹಗ್ಗ, ಹಗ್ಗದ ತುದಿಗೆ ತೇಲುವ ಒಂದು ಡಬ್ಬಿ. ಬಲೆಯನ್ನು ತಳಕ್ಕೆ ಬಿಟ್ಟು ಕಾಲು ಗಂಟೆ ಕಾಯಬೇಕು. ವಾಸನೆ ಹಿಡಿದು ಬಂದ ಏಡಿ ಬಲೆಯ ಮೇಲೆ ಕೂತು ತಿನ್ನುತ್ತಿರುವಾಗ ಒಂದೇ ಉಸಿರಿಗೆ ಎಳೆಯಬೇಕು. ನಡುವೆ ಕೈ ತಡೆದರೆ ಏಡಿ ಪಕ್ಕಕ್ಕೆ ಜಾರಿ ಹೋಗುತ್ತದೆ. ಏಡಿಯ ಕಾಲಿನ ಗಂಟುಗಳು ಬದಿಗೆ ಮಡಿಸುವಂಥವು. ಅದಕ್ಕೇ ಅದು ಹೆಚ್ಚಾಗಿ ಪಕ್ಕಕ್ಕೇ ಓಡುವುದು.

ಮೊದಲ ಬಲೆ ಬೊಂಬಾಯಿ ಎಳೆದ. ಅರ್ಧದಲ್ಲಿ ನಿಲ್ಲಿಸಿ ಇಣುಕಿದ. ಖಾಲಿ. ಎರಡನೆಯದು ನಾನು ಎಳೆದೆ. ಮೀನಿನ ತಲೆಯೂ ಇಲ್ಲ. ಮೂರನೆಯದನ್ನು ದೋಣಿ ಅಜ್ಜ ಪುಟ್ಟಿಯ ಕೈಗೆ ಕೊಟ್ಟು, ಹಿಂದಿನಿಂದ ತಾನೂ ಹಗ್ಗ ಹಿಡಿದ. ಮೇಲೆ ಬಂದದ್ದು ಅಂಗೈಗಿಂತ ದೊಡ್ಡ, ಹಸಿರು-ಕಂದು ಬಣ್ಣದ ಕೆಸರೇಡಿ. ಎರಡು ಕೊಂಬು ಎತ್ತಿ ದೋಣಿಯ ಹಲಗೆಯ ಮೇಲೆ ಯುದ್ಧಕ್ಕೆ ನಿಂತಿತು. ಬೊಂಬಾಯಿ ಎರಡೂ ಕಾಲು ಮೇಲಕ್ಕೆತ್ತಿ ಕೂತ.

ದೋಣಿ ಅಜ್ಜ ಕೋಲಿನಿಂದ ಅದರ ಬೆನ್ನು ಒತ್ತಿ, ಹಿಂದಿನಿಂದ ಹಿಡಿದು, ಕೊಂಬುಗಳನ್ನು ದಾರದಲ್ಲಿ ಬಿಗಿದು ತೋರಿಸಿದ. ಮಕ್ಕಳೇ, ಇದನ್ನು ಬಲ್ಲವರು ಮಾತ್ರ ಮಾಡಬೇಕು. ದೊಡ್ಡ ಕೆಸರೇಡಿ ಕಚ್ಚಿದರೆ ಬೆರಳಿಗೆ ದೊಡ್ಡ ಗಾಯ ಖಂಡಿತ. ಪುಟ್ಟಿ ಕಾಲು ಎಣಿಸಿದಳು. ಕೊಂಬೂ ಸೇರಿ ಹತ್ತು. ಕೊನೆಯ ಜೋಡಿ ಹುಟ್ಟಿನಂತೆ ಚಪ್ಪಟೆ, ಅದು ಈಜುವುದಕ್ಕೆ. ಏಡಿಯನ್ನು ಮಗುಚಿದರೆ ಹೊಟ್ಟೆಯ ಮೇಲೊಂದು ಮುಚ್ಚಳ ಕಾಣುತ್ತದೆ. ಮುಚ್ಚಳ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಆಮೇಲೆ ಬಂದ ಪ್ರತಿ ಏಡಿಗೂ ಗಂಡು-ಹೆಣ್ಣು ಹೇಳುವುದು ಪುಟ್ಟಿಯ ಕೆಲಸವಾಯಿತು. ಒಂದಕ್ಕೆ ಒಂದು ಕೊಂಬು ದೊಡ್ಡದು, ಇನ್ನೊಂದು ತೀರಾ ಪುಟ್ಟದು. ಎಲ್ಲೋ ಕಾದಾಡಿ ಕಳೆದುಕೊಂಡಿದೆ, ಮತ್ತೆ ಬೆಳೆಯುತ್ತಿದೆ ಎಂದ. ಏಡಿಯ ಚಿಪ್ಪು ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಿ ಹೊಸದು ತೊಡಬೇಕು. ಹಾಗೆ ಕಳಚುತ್ತ ಕಳಚುತ್ತ ಹೋದ ಕೊಂಬೂ ಮತ್ತೆ ಬರುತ್ತದೆ.

ಐದನೆಯದೋ ಆರನೆಯದೋ ಬಲೆಗೆ ಬೇರೆ ಜಾತಿಯ ಏಡಿ ಬಂತು. ನೀರು ಏರುವಾಗ ಕಡಲಿನಿಂದ ಒಳಗೆ ಬರುವ ಈಜೇಡಿ. ಮಗುಚಿದರೆ ಮುಚ್ಚಳದ ಅಡಿಯಲ್ಲಿ ಕಿತ್ತಳೆ ಬಣ್ಣದ, ರವೆಯಂತಹ ಮುದ್ದೆ. ಮೊಟ್ಟೆಗಳು. ಒಂದು ತಾಯಿಯ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಇರುತ್ತವೆ. ದೋಣಿ ಅಜ್ಜ ಮಾತಾಡದೆ ಅದನ್ನು ನೀರಿಗೆ ಬಿಟ್ಟ.

"ಅರೇ! ತತ್ತಿ ತುಂಬಿದ ಏಡಿ ಅಂದ್ರೆ ನನ್ನ ಗಿರಾಕಿಗಳು ಕಾದು ಕೂತಿರ್ತಿದ್ರು" ಎಂದು ಬೊಂಬಾಯಿ ಹಣೆ ಬಡಿದುಕೊಂಡ.

"ನಿನ್ನ ಗಿರಾಕಿ ಮುಂದಿನ ವರ್ಷವೂ ತಿನ್ನಬೇಕಲ್ದಾ?" ಎಂದ ಅವನು. ಚಿಕ್ಕವನ್ನೂ ಹಾಗೆಯೇ ಬಿಟ್ಟ. ಅವನ ಅಳತೆಗೋಲು ಅವನ ಅಂಗೈ. ಅಂಗೈ ತುಂಬದ ಏಡಿ ಹೊಳೆಗೆ ವಾಪಸು.

ಹತ್ತು ಗಂಟೆಗೆ ಅವನು ಹೇಳಿದಂತೆಯೇ ನೀರು ತುಂಬಿ ನಿಂತಿತು. ಪುಟ್ಟಿ ಕೈಗಡಿಯಾರ ನೋಡಿ ಬೆರಗಾದಳು. ಅವನು ಲೆಕ್ಕ ಬಿಡಿಸಿದ. ಚಂದ್ರ, ಸೂರ್ಯರ ಸೆಳೆತದಿಂದ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ್ದು ಭರತ, ಇಳಿದದ್ದು ಇಳಿತ. ಭರತದಿಂದ ಇಳಿತಕ್ಕೆ ಸುಮಾರು 6 ಗಂಟೆ. ಇವತ್ತಿನ ಭರತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರು ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ತಿಥಿ ಗೊತ್ತಾದರೆ ಭರತದ ಗಂಟೆ ಹೇಳಬಹುದು. ಅವನಿಗೆ ಇದನ್ನು ಹೇಳಿಕೊಟ್ಟದ್ದು ಅಪ್ಪ, ಉಳಿದದ್ದು ಐವತ್ತು ವರ್ಷದ ಹೊಳೆ.

"ಇವತ್ತು ನಾಲ್ಕು ಗಂಟೆಗೆ ಪೂರ್ತಿ ಇಳಿಯುತ್ತದೆ" ಎಂದ. "ಉಪ್ಪಿನಕುದ್ರಿಗೆ ಹೋಗುವ ದಾರಿಯಲ್ಲಿ ಒಂದು ದಿಬ್ಬ ಇದೆ. ಹನ್ನೆರಡೂವರೆಯೊಳಗೆ ಅದನ್ನು ದಾಟಬೇಕು."

ಹನ್ನೆರಡೂವರೆಗೆ ಬುಟ್ಟಿಯಲ್ಲಿ ಹನ್ನೊಂದು ಏಡಿ. ಅವನು ಬಲೆ ಸುತ್ತಿ, "ಸಾಕ್. ಹೋಪ" ಎಂದ.

"ಹನ್ನೊಂದು ಎಂಥ ಲೆಕ್ಕ ಮಾರಾಯ? ಇನ್ನೊಂದು ಸಿಕ್ಕಿದ್ರೆ ಡಜನ್" ಎಂದ ಬೊಂಬಾಯಿ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಆಗಲೇ ನುಂಗಿದ್ದ.

ಮತ್ತೆ ಬಲೆ ಬಿಟ್ಟೆವು. ಖಾಲಿ. "ನೀರ್ ಇಳಿತಾ ಇತ್ತ್, ಹೋಪ" ಎಂದು ಎರಡನೆಯ ಸಲ ಹೇಳಿದ. ಈ ಸಲ ಮಾತಾಡಿದವನು ನಾನು. "ಪುಟ್ಟಿ ಇನ್ನೊಂದು ಹಿಡಿಯಲಿ ಮಾರಾಯ, ಹತ್ತು ನಿಮಿಷ." ಪುಟ್ಟಿ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಹಸಿವಾಗುತ್ತಿದೆ ಎಂದಿದ್ದಳು. ಮೊಮ್ಮಗಳ ಹೆಸರಿನಲ್ಲಿ ಆಸೆ ನನ್ನದು. ಅಜ್ಜಂದಿರು ಹೀಗೆ ಮಾಡುವುದುಂಟು.

ಮೂರನೆಯ ಸಲ ಅವನು ಗಟ್ಟಿಯಾಗಿ ಹೇಳಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ತಡ ಆಯ್ತ್ ಕಾಣ್" ಎಂದ. ನಾನು ತಲೆಯಾಡಿಸಿದೆ, ಏಳಲಿಲ್ಲ. ಅಷ್ಟರಲ್ಲಿ ಬೊಂಬಾಯಿಯ ಬಲೆಗೆ ಹನ್ನೆರಡನೆಯ ಏಡಿ ಬಂತು. ದೋಣಿ ಅಜ್ಜ ಅದನ್ನು ಅಂಗೈಯ ಮೇಲಿಟ್ಟು ನೋಡಿದ. ಅಂಗೈ ತುಂಬಲಿಲ್ಲ. ನೀರಿಗೆ ಬಿಟ್ಟ.

ಎಂಜಿನ್ ಹೊರಟಾಗ ಒಂದೂಕಾಲು ದಾಟಿತ್ತು. ಒಂದೂವರೆಗೆ ದೋಣಿಯ ತಳ ಸೊರ್ರೆಂದು ಸದ್ದು ಮಾಡಿ ನಿಂತಿತು. ಅವನು ಗಳ ಊರಿ ನೂಕಿದ. ನಾವೂ ಹುಟ್ಟು ಊರಿದೆವು. ದೋಣಿ ಅಲುಗಲಿಲ್ಲ. ನೋಡುತ್ತಿದ್ದಂತೆ ಸುತ್ತಲ ನೀರು ತೆಳುವಾಯಿತು, ಆಮೇಲೆ ಕೆಸರು ಮೇಲೆ ಬಂತು. ಉಪ್ಪಿನಕುದ್ರಿನ ತೆಂಗಿನ ಮರಗಳು ಎದುರಿಗೇ ಕಾಣುತ್ತಿದ್ದವು. ಫೋನಿಗೂ ಸಿಗ್ನಲ್ ಇತ್ತು. ಆದರೆ ಬೇರೆ ದೋಣಿ ಹತ್ತಿರ ಬರಲು ನೀರಿಲ್ಲ, ನಾವು ನಡೆದು ಹೋಗಲು ನೆಲವಿಲ್ಲ. ಕೆಸರಿಗೆ ಕಾಲಿಟ್ಟರೆ ಸೊಂಟದವರೆಗೆ ಹೂಳುತ್ತದೆ, ಒಳಗೆ ಬ್ಲೇಡಿನಂತಹ ಚಿಪ್ಪುಗಳು. "ಎಂತ ಮಾಡುದ್?" ಎಂದೆ. "ಕೂಕಂಬುದ್" ಎಂದ. ಕೂತುಕೊಳ್ಳುವುದು. ಬೈಯಲಿಲ್ಲ.

ಪುಟ್ಟಿ ಕೇಳಿದಳು, "ನೀರು ಯಾವಾಗ ಬರುತ್ತೆ?"

"ನೀನೇ ಹೇಳು. ನಾಲ್ಕು ಗಂಟೆಗೆ ಪೂರ್ತಿ ಇಳಿತ. ನಾವು ಸಿಕ್ಕಿಕೊಂಡದ್ದು ಒಂದೂವರೆಗೆ."

ಅವಳು ಬೆರಳು ಮಡಿಸಿದಳು. "ನಾಲ್ಕಕ್ಕೆ ಎರಡೂವರೆ ಗಂಟೆ ಮೊದಲು. ಹಾಗಾದ್ರೆ ನಾಲ್ಕಾದ ಮೇಲೆ ಎರಡೂವರೆ ಗಂಟೆ... ಆರೂವರೆ!"

"ಭೇಷ್" ಎಂದ ಅವನು.

ಕೆಸರು ಬಯಲಾದಂತೆ ಸಾವಿರಾರು ಬಿಲಗಳಿಂದ ಉಗುರಿನಷ್ಟು ಏಡಿಗಳು ಹೊರಬಂದವು. ಗಂಡುಗಳಿಗೆ ಒಂದು ಕೊಂಬು ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಮೇಲೆ ಕೆಳಗೆ ಬೀಸುತ್ತ ಎಲ್ಲವೂ ನಮಗೆ ಟಾಟಾ ಮಾಡುವಂತೆ ಕಾಣುತ್ತಿತ್ತು. ಹೆಣ್ಣುಗಳನ್ನು ಕರೆಯುವುದೂ, ಬೇರೆ ಗಂಡುಗಳನ್ನು ಹೆದರಿಸುವುದೂ ಹಾಗೆಯೇ. ಕೆಸರಿನ ಮೇಲೆ ಕಪ್ಪೆಯಂತೆ ಕುಪ್ಪಳಿಸುವ ಮೀನುಗಳೂ ಬಂದವು. ಪುಟ್ಟಿಗೆ ಹಸಿವು ಮರೆತುಹೋಯಿತು. ದೋಣಿ ಅಜ್ಜ ಬುಟ್ಟಿಯ ಏಡಿಗಳ ಮೇಲೆ ಒದ್ದೆ ಗೋಣಿ ಹೊದಿಸಿದ. ಕಿವಿರು ಒದ್ದೆಯಿದ್ದರೆ ಕೆಸರೇಡಿ ನೀರಿನ ಹೊರಗೂ ಬಹಳ ಹೊತ್ತು ಬದುಕುತ್ತದೆ.

ಮೂರು ಗಂಟೆಯ ಹೊತ್ತಿಗೆ ಬೊಂಬಾಯಿಯ ಹರಟೆ ನಿಂತಿತು. ಬಿಸಿಲಿಗೆ ತೂಕಡಿಸುತ್ತಿದ್ದಾನೆಂದು ನಾನು ಸುಮ್ಮನಿದ್ದೆ. ಪುಟ್ಟಿ ನನ್ನ ತೋಳು ಜಗ್ಗಿದಳು. "ಅಜ್ಜ, ಬೊಂಬಾಯಿ ಅಜ್ಜ ಬೆವರ್ತಿದ್ದಾರೆ. ಕೈ ನಡುಗ್ತಾ ಇದೆ. ನಮ್ಮಜ್ಜಿಗೂ ಒಂದ್ಸಲ ಹೀಗೇ ಆಗಿತ್ತಲ್ಲ?"

ನಾನು ಕೂಗಿ ಕರೆದೆ. ಅವನು ನನ್ನ ಹೆಸರಿಗೆ ಬದಲು ಯಾವುದೋ ಹೆಸರು ಹೇಳಿದ. ಮುಖ ಬಿಳಿಚಿತ್ತು. ಗುಳಿಗೆ ನುಂಗಿ ಎರಡೂವರೆ ಗಂಟೆ ಕಳೆದಿತ್ತು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದುಬಿಟ್ಟಿತ್ತು. ಎದುರಿಗೆ ಮನೆಗಳು ಕಾಣುತ್ತಿವೆ, ಫೋನಿದೆ, ಆಸ್ಪತ್ರೆ ಕೆಲವೇ ಮೈಲು. ಆದರೆ ನಾವು ಕೆಸರಿನ ನಡುವೆ. ನನ್ನ ಕೈಕಾಲು ತಣ್ಣಗಾದವು.

ದೋಣಿಯ ಗೆಳೆಯ ಆಗಲೇ ತಗಡಿನ ಡಬ್ಬಿ ತೆರೆದಿದ್ದ. ಬೆಲ್ಲ ಒಡೆದು ಸಣ್ಣ ಚೂರನ್ನು ಅವನ ಬಾಯಿಗಿಟ್ಟ. "ಜಗಿ, ಜಗಿ" ಎಂದು ಗಲ್ಲ ತಟ್ಟಿದ. ಅವನಿಗೆ ಎಚ್ಚರವಿತ್ತು, ನುಂಗಲು ಆಗುತ್ತಿತ್ತು, ಅದು ನಮ್ಮ ಪುಣ್ಯ. ಮತ್ತೊಂದು ಚೂರು, ಒಂದು ಗುಟುಕು ನೀರು, ಮತ್ತೊಂದು ಚೂರು. ಪುಟ್ಟಿ ಟೊಪ್ಪಿಯಿಂದ ಗಾಳಿ ಹಾಕಿದಳು. ಕಾಲು ಗಂಟೆ ಕಳೆದಿರಬೇಕು. ಬೊಂಬಾಯಿ ಕಣ್ಣುಜ್ಜಿ, "ಇದು ಒಳ್ಳೆ ಬೆಲ್ಲ ಮಾರಾಯ, ಎಲ್ಲಿಂದ ತಂದೆ?" ಎಂದು ಕೇಳಿದ. ಹೋಟೆಲಿನವನು ಮರಳಿ ಬಂದ ಎಂದು ನಮಗೆ ಜೀವ ಬಂತು. ಆಮೇಲೆ ಅವಲಕ್ಕಿ ತಿನ್ನಿಸಿದೆವು. ಬೆಳಿಗ್ಗೆ ನಾವು ನಕ್ಕ ಡಬ್ಬಿ ಅದು.

ಅಜ್ಜ-ಅಜ್ಜಿಯರೇ, ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಊಟ ಎದುರಿಗಿದೆ ಎಂದು ಖಾತ್ರಿಯಾಗದೆ ಗುಳಿಗೆ ನುಂಗಬೇಡಿ. ಹೊರಗೆ ಹೊರಟಾಗ ಜೇಬಿನಲ್ಲಿ ಸಿಹಿ ಇರಲಿ. ಮಕ್ಕಳೇ, ಅಂಥವರು ಸುಮ್ಮಸುಮ್ಮನೆ ಬೆವರಿ, ನಡುಗಿ, ಮಾತು ತಪ್ಪಿದರೆ ತಕ್ಷಣ ದೊಡ್ಡವರಿಗೆ ಹೇಳಿ. ಎಚ್ಚರವಿದ್ದರೆ ಮಾತ್ರ ಬಾಯಿಗೆ ಸಿಹಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ.

ಎಲ್ಲ ಶಾಂತವಾದ ಮೇಲೆ ಪುಟ್ಟಿ ನನ್ನನ್ನು ಕೇಳಿದಳು. ಮೆಲ್ಲಗಲ್ಲ, ಎಲ್ಲರಿಗೂ ಕೇಳುವಂತೆ. "ಅಜ್ಜ, ದೋಣಿ ಅಜ್ಜ ಮೂರು ಸಲ ಹೇಳಿದ್ರು. ನೀವ್ಯಾಕೆ ಕೇಳಲಿಲ್ಲ?"

ಬೊಂಬಾಯಿ ನೀರು ನೋಡಿದ. ನಾನು ಬುಟ್ಟಿ ನೋಡಿದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಅವನು ಹೋಟೆಲು ನಡೆಸಿದವನು. ಹೊಳೆಯ ಬಗ್ಗೆ ಹೊಳೆಯವನು ಹೇಳಿದ್ದನ್ನು ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಶಾಲೆಯಲ್ಲಾದರೆ ಅವನು ಕಿವಿಯಲ್ಲಿ ಹೇಳಿದ ಉತ್ತರವನ್ನು ತಕ್ಷಣ ನಂಬಿ ಕೈ ಎತ್ತುತ್ತಿದ್ದೆವು. ಯಾವಾಗ ನಂಬುವುದು ಬಿಟ್ಟೆವೋ ಗೊತ್ತಿಲ್ಲ.

"ತಪ್ಪು ನನ್ನದೂ ಇದೆ" ಎಂದ ದೋಣಿಯ ಗೆಳೆಯ. "ಬೇರೆಯವರಾದ್ರೆ ಮೊದಲ ಮಾತಿಗೇ ಎಂಜಿನ್ ಹಾಕ್ತಿದ್ದೆ. ನಿಮ್ಮ ಹತ್ರ ದಾಕ್ಷಿಣ್ಯ. ದೋಣಿಯಲ್ಲಿ ಮಗು ಇಪ್ಪತಿಗೆ ದಾಕ್ಷಿಣ್ಯ ಮಾಡುಕಾಗ."

ಅದೇ ಅವನು ಆ ದಿನ ಆಡಿದ ಅತಿ ಉದ್ದದ ಮಾತು. ನಾನು ಅವನ ಕ್ಷಮೆ ಕೇಳಿದೆ. ಐವತ್ತೈದು ವರ್ಷದ ಸ್ನೇಹದಲ್ಲಿ ಮೊದಲ ಸಲ. ಅವನಿಗೆ ನಾಚಿಕೆಯಾಗಿ ಬಲೆಯ ಗಂಟು ಬಿಡಿಸುತ್ತ ಕೂತ.

ನಾಲ್ಕರ ಮೇಲೆ ಕೆಸರಿನ ಸಂದುಗಳಲ್ಲಿ ನೀರು ಮೆಲ್ಲಗೆ ನುಗ್ಗತೊಡಗಿತು. ಪುಟ್ಟಿ ಕಾವಲು ಕೂತಳು. ಆ ಪುಟ್ಟ ಏಡಿಗಳು ಒಂದೊಂದಾಗಿ ಬಿಲ ಸೇರಿದವು. ಸೂರ್ಯ ಮುಳುಗಿದ. ಗಂಗೊಳ್ಳಿಯ ಕಡೆ ದೀಪ ಹತ್ತಿತು. ಆರೂ ಇಪ್ಪತ್ತೈದಕ್ಕೆ ದೋಣಿ ಮಲಗಿದ ಎಮ್ಮೆ ಏಳುವಂತೆ ಮಗ್ಗುಲು ಬದಲಿಸಿತು. ಅವನು 'ಇನ್ನ್ ಹೋಪ' ಎನ್ನುವ ಮೊದಲೇ ಪುಟ್ಟಿ ಕೂಗಿದಳು, "ಹೋಪ!"

ಉಪ್ಪಿನಕುದ್ರಿನ ದಡದಲ್ಲಿ ಅವನ ತಂಗಿ ಟಾರ್ಚ್ ಹಿಡಿದು ನಿಂತಿದ್ದರು. ಮಧ್ಯಾಹ್ನಕ್ಕೆಂದು ಅರೆದ ತೆಂಗಿನ ಮಸಾಲೆ ಕಾದು ಕೂತಿತ್ತು. ನಮಗೆ ಸರಿಯಾಗಿ ಬೈದರು. ಹೆಚ್ಚು ಬೈಗುಳ ಅಣ್ಣನಿಗೆ. ಏಡಿ ಸುಕ್ಕ ಒಲೆಯಲ್ಲಿ ಬೇಯುವಾಗ ಹಸಿರು ಏಡಿ ಕೆಂಪಾಗುವುದನ್ನು ಪುಟ್ಟಿ ಒಲೆಯ ಪಕ್ಕ ನಿಂತು ನೋಡಿದಳು. ಕೆಂಪು ಬಣ್ಣ ಚಿಪ್ಪಿನಲ್ಲಿ ಮೊದಲೇ ಇರುತ್ತದೆ, ಬೇರೆ ವಸ್ತುವಿಗೆ ಅಂಟಿಕೊಂಡು ಅಡಗಿರುತ್ತದೆ. ಬಿಸಿ ತಾಗಿದಾಗ ಆ ಅಂಟು ಬಿಟ್ಟು ಹೊರಗೆ ಕಾಣುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ಏಡಿ ಸುಕ್ಕ ಕಲಸಿಕೊಂಡು ಉಂಡೆವು. ಹನ್ನೊಂದೇ ಏಡಿ ಎಲ್ಲರಿಗೂ ಸಾಕಾಗಿ ಮಿಕ್ಕಿತು.

ಊಟ ಮಾಡುತ್ತ ಆ ಊರಿನ ಯಕ್ಷಗಾನ ಗೊಂಬೆಯಾಟದ ಮಾತು ಬಂತು. ಇದೇ ಉಪ್ಪಿನಕುದ್ರಿನ ಕೊಗ್ಗ ಕಾಮತರು ಸೂತ್ರದ ಗೊಂಬೆಗಳನ್ನು ಕುಣಿಸಿ ಹೊರದೇಶಗಳಲ್ಲೂ ಹೆಸರಾದವರು. ಮುಂದಿನ ಸಲ ಗೊಂಬೆ ನೋಡಲು ಬರುವುದೆಂದು ಪುಟ್ಟಿ ಅಲ್ಲೇ ತೀರ್ಮಾನಿಸಿದಳು. ದೋಣಿಯನ್ನು ರಾತ್ರಿಗೆ ಅಲ್ಲೇ ಕಟ್ಟಿ, ನಾವು ಆಟೋ ಹತ್ತಿ ಸೇತುವೆಯ ಮೇಲೆ ಮನೆಗೆ ಬಂದೆವು. ದ್ವೀಪದಿಂದ ಆಟೋದಲ್ಲಿ ಬರಬಹುದು ಎಂಬುದು ಅವಳ ಪುಸ್ತಕದಲ್ಲಿರಲಿಲ್ಲ. ಬೊಂಬಾಯಿಯನ್ನು ಮರುದಿನ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಈಗ ಪುಟ್ಟಿ ಬೆಂಗಳೂರಿನಲ್ಲಿದ್ದಾಳೆ. ಅಮಾವಾಸ್ಯೆ, ಹುಣ್ಣಿಮೆ ಬಂದಾಗ ಫೋನ್ ಮಾಡುತ್ತಾಳೆ. "ಅಜ್ಜ, ಇವತ್ತು ಹೊಳೆಯಲ್ಲಿ ನೀರು ತುಂಬೋದು ಹನ್ನೊಂದರ ಹತ್ತಿರ ಅಲ್ವಾ? ದೋಣಿ ಅಜ್ಜನ್ನ ಕೇಳಿ ಹೇಳಿ." ಕೇಳುವ ನೆಪದಲ್ಲಿ ನಾನು ಹೊಳೆಯ ಬದಿಗೆ ಹೋಗುತ್ತೇನೆ. ಬೊಂಬಾಯಿಯೂ ಬರುತ್ತಾನೆ, ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡು. ಮೂವರೂ ದಡದಲ್ಲಿ ಕೂರುತ್ತೇವೆ. ಕತ್ತಲಾಗುವ ಹೊತ್ತಿಗೆ ದೋಣಿಯ ಗೆಳೆಯ 'ಸಾಕ್, ಹೋಪ' ಎನ್ನುತ್ತಾನೆ. ನಾವಿಬ್ಬರೂ ಮೊದಲ ಸಲಕ್ಕೇ ಏಳುತ್ತೇವೆ.

ಮಕ್ಕಳೇ, ನಿಮಗೊಂದು ಬಾಯಿಲೆಕ್ಕ. ಒಂದು ದಿನ ಬೆಳಿಗ್ಗೆ 11 ಗಂಟೆಗೆ ಭರತ. ದಿನಕ್ಕೆ 50 ನಿಮಿಷ ತಡವಾದರೆ ಮೂರು ದಿನ ಬಿಟ್ಟು ಅದೇ ಭರತ ಎಷ್ಟು ಗಂಟೆಗೆ? ಉತ್ತರವನ್ನು ಅಜ್ಜ-ಅಜ್ಜಿಯ ಕಿವಿಯಲ್ಲಿ ಹೇಳಬೇಡಿ. ಕೈ ಎತ್ತಿ ಗಟ್ಟಿಯಾಗಿ ಹೇಳಿ. ಮುಂದಿನ ವಾರ ಸಿಗೋಣ.